ದಿಬ್ಬದ ನೆರೆಯವರು: ಐರ್ಲೆಂಡಿನ ಕಿನ್ನರರೊಡನೆ ಒಂದು ಹಳೆಯ ಕರಾರು



ಹೊರನಾಡಿನ ಯಾವುದಾದರೂ ಒಂದು ಜನಪದ ನಂಬಿಕೆಯ ಬಗ್ಗೆ ಮಾತಾಡಬೇಕು ಎನ್ನುವುದು ಈ ಉಪನ್ಯಾಸವನ್ನು ನಡೆಸುವ ದತ್ತಿಯ ಷರತ್ತು. ನಾನು ಐರ್ಲೆಂಡಿನ ಕಿನ್ನರರನ್ನು ಆರಿಸಿಕೊಂಡಿದ್ದೇನೆ ಎಂದಾಗ ಸಂಚಾಲಕರು ಫೋನಿನಲ್ಲೇ ನಕ್ಕರು. ಮಕ್ಕಳ ದಿನಾಚರಣೆಗೆ ಇನ್ನೂ ಸಮಯವಿದೆಯಲ್ಲ ಸಾರ್ ಎಂದರು.

ಅವರು ನಕ್ಕದ್ದರಲ್ಲಿ ತಪ್ಪಿಲ್ಲ. ಕಿನ್ನರಿ ಎಂದರೆ ನಮಗೆ ತೋರುವುದು ಬೆರಳುದ್ದದ ಹುಡುಗಿ, ಬೆನ್ನಿಗೆ ಚಿಟ್ಟೆಯ ರೆಕ್ಕೆ, ಕೈಯಲ್ಲಿ ನಕ್ಷತ್ರ ಸಿಕ್ಕಿಸಿದ ಕೋಲು. ಇದು ವಿಕ್ಟೋರಿಯಾ ಕಾಲದ ಇಂಗ್ಲಿಷ್ ಚಿತ್ರಕಾರರೂ ನಾಟಕದವರೂ ಸೇರಿ ಮಾಡಿದ ಬೊಂಬೆ. 1904ರಲ್ಲಿ ಲಂಡನ್ನಿನಲ್ಲಿ ರಂಗಕ್ಕೆ ಬಂದ 'ಪೀಟರ್ ಪ್ಯಾನ್' ಅದನ್ನು ಲೋಕಕ್ಕೆಲ್ಲ ಹಂಚಿತು. 1917ರಲ್ಲಿ ಯಾರ್ಕ್‌ಷೈರಿನ ಕಾಟಿಂಗ್ಲಿ ಎಂಬ ಊರಿನಲ್ಲಿ ಇಬ್ಬರು ಹುಡುಗಿಯರು ಕಾಗದದಲ್ಲಿ ಕತ್ತರಿಸಿದ ಕಿನ್ನರಿಯರನ್ನು ಹ್ಯಾಟ್‌ಪಿನ್ನು ಚುಚ್ಚಿ ನಿಲ್ಲಿಸಿ ಫೋಟೋ ತೆಗೆದರು. ಶೆರ್ಲಾಕ್ ಹೋಮ್ಸನನ್ನು ಸೃಷ್ಟಿಸಿದ ಕಾನನ್ ಡಾಯ್ಲ್ ಅಂಥವರೇ ಅದನ್ನು ನಂಬಿಬಿಟ್ಟರು. ಆ ಫೋಟೋಗಳಲ್ಲೂ ರೆಕ್ಕೆಗಳಿವೆ. ಪಶ್ಚಿಮ ಐರ್ಲೆಂಡಿನ ರೈತ ಮುದುಕನೊಬ್ಬನ ಕೈಗೆ ಅವನ್ನು ಕೊಟ್ಟಿದ್ದರೆ ಇದು ಯಾವ ಜಾತಿಯ ಹುಳು ಎಂದು ಕೇಳುತ್ತಿದ್ದನೇನೋ.

ಏಕೆಂದರೆ ಅವನಿಗೆ ಗೊತ್ತಿದ್ದವರು ಬಹುಪಾಲು ನಮ್ಮ ಹಾಗೆಯೇ ಇದ್ದವರು. ದನ ಸಾಕುವವರು, ಬೆಣ್ಣೆ ಕಡೆಯುವವರು, ಸಂತೆಗೆ ಬರುವವರು, ಹರ್ಲಿಂಗ್ ಎಂಬ ಕೋಲು-ಚೆಂಡಿನ ಆಟ ಆಡುವವರು, ಹಿಟ್ಟು ಕಡ ಕೇಳುವವರು, ಕಡ ತೀರಿಸುವವರು. ಅವರಿಗೂ ರಾಜನುಂಟು, ಪಕ್ಕದ ಸೀಮೆಯವರ ಮೇಲೆ ಹಗೆಯುಂಟು. ನಮ್ಮ ಕಣ್ಣಿಗೆ ಕಾಣುವುದಿಲ್ಲ, ಅಷ್ಟೇ. ಹೆಸರು ಹಿಡಿದು ಕರೆದರೆ ಮುನಿಸಿಕೊಳ್ಳುತ್ತಾರೆಂದು 'ಒಳ್ಳೆಯ ಜನ' ಎನ್ನುತ್ತಿದ್ದರು. ಅದನ್ನೂ ಆಡಲು ಅಂಜಿದವರು ಬರೀ 'ಅವರು' ಎನ್ನುತ್ತಿದ್ದರು. ಇಲ್ಲಿ ದೇವರಿಗೂ ಭಕ್ತನಿಗೂ ಇರುವ ಸಂಬಂಧವಿಲ್ಲ, ದೆವ್ವಕ್ಕೂ ಮಂತ್ರವಾದಿಗೂ ಇರುವ ಸಂಬಂಧವೂ ಇಲ್ಲ. ಒಂದೇ ನೆಲದಲ್ಲಿ ಎರಡು ಜನ ಬಾಳಬೇಕಾಗಿ ಬಂದು ಮಾಡಿಕೊಂಡ ಕರಾರು ಇದು. ಕರಾರು ಎಂದ ಮೇಲೆ ಲಾಭ ಯಾರಿಗೆ, ದಂಡ ತೆತ್ತವರು ಯಾರು ಎಂದು ಕೇಳಲೇಬೇಕು. ಐರಿಷ್ ಕಿನ್ನರ ಕಥೆಗಳ ಸೊಬಗನ್ನು ಹೊಗಳುವ ಪುಸ್ತಕಗಳು ರಾಶಿ ಇವೆ. ಈ ಲೆಕ್ಕ ಕೇಳುವವು ಕಡಿಮೆ.

ಕರಾರು ಎಂಬುದು ನನ್ನ ಕಲ್ಪನೆಯಲ್ಲ. 12ನೇ ಶತಮಾನದ 'ಬುಕ್ ಆಫ್ ಲೆನ್‌ಸ್ಟರ್' ಹಸ್ತಪ್ರತಿಯಲ್ಲಿ ಒಂದು ಸಣ್ಣ ಕಥೆಯಿದೆ. ಈಗಿನ ಐರಿಷರ ಪೂರ್ವಿಕರೆಂದು ಪುರಾಣ ಹೇಳುವ ಮೀಲನ ಮಕ್ಕಳು ಸಮುದ್ರ ದಾಟಿ ಬಂದು, ಅಲ್ಲಿದ್ದ ತುವಾಹ ಡೇ ಡಾನನ್ ಎಂಬ ದೈವೀ ಜನರನ್ನು ಗೆದ್ದು ನೆಲವನ್ನು ಕಿತ್ತುಕೊಂಡರು. ಸೋತವರು ನಾಡು ಬಿಟ್ಟು ಹೋಗಲಿಲ್ಲ. ದಿಬ್ಬಗಳೊಳಗೆ ಸೇರಿಕೊಂಡರು. ಅಲ್ಲಿಂದ ಕೂತಲ್ಲೇ ಗೆದ್ದವರ ಕಾಳನ್ನೂ ಹಾಲನ್ನೂ ಕೆಡಿಸತೊಡಗಿದರು. ಬೆಳೆ ಕೈಗೆ ಹತ್ತುವುದಿಲ್ಲ, ಹಸು ಹಾಲು ಕೊಡುವುದಿಲ್ಲ. ಕೊನೆಗೆ ಮೀಲನ ಮಕ್ಕಳು ಅವರ ಹಿರಿಯ ಡಾಗ್ಡಾನ ಬಳಿಗೆ ಹೋಗಿ ಒಪ್ಪಂದ ಮಾಡಿಕೊಂಡರು. ಆಮೇಲೆಯೇ ಕಾಳೂ ಹಾಲೂ ದಕ್ಕಿದ್ದು. ಯುದ್ಧ ಗೆದ್ದವರು ಉಣ್ಣಲಿಕ್ಕೆ ಸೋತವರ ಒಪ್ಪಿಗೆ ಬೇಕಾಯಿತು! ಐರ್ಲೆಂಡನ್ನು ಮುಂದೆ ಯಾರು ಯಾರು ಗೆದ್ದುಕೊಂಡರು ಎಂಬುದನ್ನು ನೆನೆದರೆ ಈ ಕಥೆಯನ್ನು ಐರಿಷರು ಯಾಕೆ ಮರೆಯಲಿಲ್ಲ ಎನ್ನುವುದು ತಿಳಿಯುತ್ತದೆ.

ಅದೇ ಕಥೆಯಲ್ಲಿ ಡಾಗ್ಡಾ ದಿಬ್ಬಗಳನ್ನು ತನ್ನವರಿಗೆ ಹಂಚುತ್ತಾನೆ. ಮಗ ಏಂಗಸನಿಗೆ ಪಾಲು ಸಿಗುವುದಿಲ್ಲ. ಅವನು ಬಾಯ್ನ್ ನದಿಯ ದಂಡೆಯ ದೊಡ್ಡ ದಿಬ್ಬವನ್ನು ಒಂದು ಹಗಲು ಒಂದು ರಾತ್ರಿಯ ಮಟ್ಟಿಗೆ ಕೇಳಿ ಪಡೆಯುತ್ತಾನೆ. ಮರುದಿನ ಬಿಡು ಎಂದರೆ, ಈ ಲೋಕವೆಲ್ಲ ಕಳೆಯುವುದು ಹಗಲು ರಾತ್ರಿಗಳಲ್ಲೇ ಅಲ್ಲವೆ, ಹಾಗಾಗಿ ನನಗೆ ಕೊಟ್ಟದ್ದು ಎಂದೆಂದಿಗೂ ಎನ್ನುತ್ತಾನೆ. ಕರಾರಿನ ಮಾತನ್ನು ತೂಗಿ ಆಡಬೇಕು ಎಂಬ ಪಾಠ ಆ ಜನಕ್ಕೆ ಅವರ ಮನೆಯಲ್ಲೇ ಆಯಿತು. ಆ ದಿಬ್ಬ ಇವತ್ತಿಗೂ ಇದೆ. ನ್ಯೂಗ್ರೇಂಜ್ ಎಂದು ಪ್ರವಾಸಿಗರು ಟಿಕೆಟ್ ಕೊಂಡು ಒಳಗೆ ಹೋಗುವುದು ಅದಕ್ಕೇ. ಅದನ್ನು ಕಟ್ಟಿದ್ದು ಕ್ರಿಸ್ತಪೂರ್ವ 3200ರ ಸುಮಾರಿಗೆ.

ಹಳ್ಳಿಯವರ 'ಒಳ್ಳೆಯ ಜನ' ಇದ್ದದ್ದು ಇಂಥ ಮಹಾ ದಿಬ್ಬಗಳಲ್ಲಿ ಮಾತ್ರವಲ್ಲ, ಹೊಲದ ನಡುವಿನ ಮಣ್ಣುಕೋಟೆಗಳಲ್ಲೂ. ದುಂಡಗಿನ ಏರಿ, ಸುತ್ತ ಒಂದು ಕಂದಕ, ಒಳಗೆ ಹುಲ್ಲು, ಅಂಚಿನಲ್ಲಿ ಹಾಥಾರ್ನ್ ಮುಳ್ಳಿನ ಮರ. ಇವು ಸುಮಾರು ಕ್ರಿಸ್ತಶಕ 500ರಿಂದ 1000ದವರೆಗೆ ರೈತ ಕುಟುಂಬಗಳು ಮನೆಯ ಸುತ್ತ ಎಬ್ಬಿಸಿಕೊಂಡ ಆವರಣಗಳು ಎಂದು ಪುರಾತತ್ತ್ವಜ್ಞರು ಹೇಳುತ್ತಾರೆ. ಅಂಥವು ದ್ವೀಪದಲ್ಲೆಲ್ಲ ಸುಮಾರು 45,000 ಗುರುತಾಗಿವೆ. ಗೇಣು ನೆಲಕ್ಕೆ ಬಡಿದಾಡುತ್ತಿದ್ದ ಬಡವರ ದೇಶದಲ್ಲಿ ಇಷ್ಟೊಂದು ಕೋಟೆ ನೇಗಿಲಿಗೆ ಸಿಗದೆ ಉಳಿದದ್ದು ಹೇಗೆ? ಸರ್ಕಾರದ ಕಾಯಿದೆ ಬಂದದ್ದು ಬಹಳ ತಡವಾಗಿ. ಅದಕ್ಕೆ ಮುಂಚೆ ಕಾವಲಿದ್ದದ್ದು ಹೆದರಿಕೆ. ಕೋಟೆಯ ಮರ ಕಡಿದವನ ಕೈ ಸೊಟ್ಟಗಾಯಿತು, ಏರಿ ಅಗೆದವನ ದನ ಸತ್ತಿತು ಎಂಬ ಕಥೆಯಿಲ್ಲದ ಊರಿಲ್ಲ. ಕರಾವಳಿಯ ನಾಗಬನಗಳನ್ನು ಬಲ್ಲವರಿಗೆ ಇದನ್ನು ಹೆಚ್ಚು ಬಿಡಿಸಿ ಹೇಳಬೇಕಿಲ್ಲ. ಹೋಲಿಕೆ ಅಲ್ಲಿಗೇ ನಿಲ್ಲಲಿ, ಯಾಕೆಂದರೆ ಕೋಟೆಯ ಜನಕ್ಕೆ ಪೂಜೆಯಿಲ್ಲ, ಅವರಿಗೆ ಅದು ಬೇಕಾಗಿಯೂ ಇಲ್ಲ. ಅವರ ಪಾಡಿಗೆ ಅವರನ್ನು ಬಿಟ್ಟರೆ ಸಾಕು.

ಈ ಹೆದರಿಕೆ ನಮ್ಮ ಕಾಲದವರೆಗೂ ಬಂದಿದೆ. 1999ರಲ್ಲಿ ಕ್ಲೇರ್ ಕೌಂಟಿಯ ಲಟೂನ್ ಎಂಬಲ್ಲಿ ಹೆದ್ದಾರಿ ಕೆಲಸಕ್ಕೆ ಒಂದು ಹಾಥಾರ್ನ್ ಮರ ಅಡ್ಡ ಬಂತು. ಶಾಲಾ ಮೇಷ್ಟರೂ ಕಥೆಗಾರರೂ ಆದ ಎಡ್ಡಿ ಲೆನಿಹನ್ 'ಐರಿಷ್ ಟೈಮ್ಸ್' ಪತ್ರಿಕೆಗೆ ಕಾಗದ ಬರೆದರು. ಮನ್‌ಸ್ಟರ್ ಸೀಮೆಯ ಒಳ್ಳೆಯ ಜನ ಕಾನಕ್ಟ್ ಸೀಮೆಯವರ ಮೇಲೆ ದಂಡೆತ್ತಿ ಹೋಗುವಾಗ ಸೇರುವುದು ಈ ಮರದಡಿ. ಇದನ್ನು ಕಡಿದರೆ ಆ ರಸ್ತೆಯಲ್ಲಿ ಅಪಘಾತ ತಪ್ಪುವುದಿಲ್ಲ ಎಂದು ಎಚ್ಚರಿಸಿದರು. ಲಂಡನ್ನು, ನ್ಯೂಯಾರ್ಕುಗಳ ಪತ್ರಕರ್ತರು ತಮಾಷೆ ನೋಡಲು ಬಂದರು. ತಮಾಷೆ ಏನೇ ಇರಲಿ, ಮರ ಉಳಿಯಿತು, ರಸ್ತೆ ಪಕ್ಕಕ್ಕೆ ಸರಿಯಿತು, ಸುತ್ತ ಬೇಲಿಯೂ ಬಂತು. 2002ರಲ್ಲಿ ಯಾರೋ ಅದರ ಕೊಂಬೆಗಳನ್ನೆಲ್ಲ ಕೊಯ್ದು ಹಾಕಿದರು, ಅದು ಮತ್ತೆ ಚಿಗುರಿತು. ಲೆನಿಹನ್ನರ ವಾದದಲ್ಲಿ ನನಗೆ ಹಿಡಿಸಿದ್ದು ಅದರ ಧಾಟಿ. ಪರಂಪರೆ, ಸಂಸ್ಕೃತಿ ಎಂಬ ದೊಡ್ಡ ಮಾತುಗಳನ್ನು ಅವರು ಮುಂದೆ ಮಾಡಲಿಲ್ಲ. ಹಾದಿಯ ಹಕ್ಕು ಯಾರದು, ಮೀರಿದರೆ ತಪ್ಪುದಂಡ ಎಷ್ಟು ಎಂದು ಪಂಚಾಯಿತಿ ಕಟ್ಟೆಯ ಮೇಲೆ ಕೂತವರಂತೆ ಮಾತಾಡಿದರು.

ಮನೆಯೊಳಗೆ ಬಂದರೆ ಕರಾರಿನ ಕಲಮುಗಳು ಇನ್ನೂ ಸಣ್ಣವು, ಇನ್ನೂ ದಿನಬಳಕೆಯವು. ರಾತ್ರಿ ಕಾಲು ತೊಳೆದ ನೀರನ್ನು ಹೊರಗೆ ಚೆಲ್ಲುವ ಮೊದಲು ಕೂಗಿ ಹೇಳಬೇಕು, ಹೊರಗಿರುವವರು ಪಕ್ಕಕ್ಕೆ ಸರಿಯಲಿ ಎಂದು. ಗಿಣ್ಣುಹಾಲಿನ ಮೊದಲ ಹನಿ ನೆಲಕ್ಕೆ. ಮೇ 1ರ ಬೆಳಿಗ್ಗೆ ಮನೆಯಿಂದ ಕೆಂಡವನ್ನು ಯಾರಿಗೂ ಕೊಡಬಾರದು, ಕೊಟ್ಟರೆ ವರ್ಷದ ಬೆಣ್ಣೆಯೆಲ್ಲ ಅದರ ಜೊತೆಗೆ ಹೋದಂತೆ. ಹೊಸ ಮನೆ ಕಟ್ಟುವವನು ನಾಲ್ಕು ಮೂಲೆಗೆ ನಾಲ್ಕು ಕಲ್ಲಿಟ್ಟು ಒಂದು ರಾತ್ರಿ ಕಾಯುತ್ತಿದ್ದ. ಬೆಳಿಗ್ಗೆ ಕಲ್ಲು ಕದಲಿದ್ದರೆ ಅದು ಅವರು ಓಡಾಡುವ ದಾರಿ ಎಂದು ಜಾಗ ಬದಲಿಸುತ್ತಿದ್ದ. ಇದ್ದ ಮನೆಯನ್ನು ಪಶ್ಚಿಮಕ್ಕೆ ಬೆಳೆಸುತ್ತಿರಲಿಲ್ಲ. ಕಂಡರಿಯದ ಹೆಂಗಸೊಬ್ಬಳು ಹಿಟ್ಟು ಕಡ ಕೇಳಲು ಬಂದರೆ ಇಲ್ಲವೆನ್ನಬಾರದು. ಅವಳು ತಂದುಕೊಟ್ಟ ಹಿಟ್ಟು ಬಾನಿಯಲ್ಲಿ ತೀರುವುದೇ ಇಲ್ಲ, ಎಷ್ಟು ದಿನ ಬಂತು ನೋಡಿ ಎಂದು ಯಾರಾದರೂ ಬಾಯಿಬಿಟ್ಟು ಹೇಳುವವರೆಗೆ. ಇವನ್ನೆಲ್ಲ ನಡೆಸುತ್ತಿದ್ದವರು ಹೆಂಗಸರು ಎಂಬುದನ್ನು ಗಮನಿಸಬೇಕು. ಹಾಲು, ಬೆಂಕಿ, ನೀರು, ಹಿಟ್ಟು. ಕರಾರಿಗೆ ರುಜು ಹಾಕಿದ್ದು ರಾಜರಾದರೂ ದಿನದಿನದ ಕಂತು ಕಟ್ಟುತ್ತಿದ್ದವಳು ಮನೆಯಾಕೆ.

ಆ ಜನರ ಮರ್ಯಾದೆ ಎಂಥದು ಎನ್ನುವುದಕ್ಕೆ ನಾಕ್‌ಗ್ರಾಫ್ಟನ್ ದಿಬ್ಬದ ಕಥೆಗಿಂತ ಒಳ್ಳೆಯ ಸಾಕ್ಷಿಯಿಲ್ಲ. ಕಾರ್ಕ್ ಊರಿನ ಥಾಮಸ್ ಕ್ರಾಫ್ಟನ್ ಕ್ರೋಕರ್ 1825ರಲ್ಲಿ ಅಚ್ಚು ಮಾಡಿಸಿದ ಸಂಗ್ರಹದಲ್ಲಿ ಇದು ಬಂತು. ಮರುವರ್ಷವೇ ಗ್ರಿಮ್ ಸಹೋದರರು ಆ ಪುಸ್ತಕವನ್ನು ಜರ್ಮನ್ನಿಗೆ ತಂದರು. ಟಿಪ್ಪರರಿ ಸೀಮೆಯಲ್ಲಿ ಒಬ್ಬ ಗೂನ. ಹುಲ್ಲು, ಜೊಂಡು ಹೆಣೆದು ಟೋಪಿ ಬುಟ್ಟಿ ಮಾಡಿ ಬದುಕುವವನು. ಟೋಪಿಗೆ ಯಾವಾಗಲೂ ಫಾಕ್ಸ್‌ಗ್ಲೋವ್ ಹೂವಿನ ಕಡ್ಡಿ ಸಿಕ್ಕಿಸುತ್ತಿದ್ದುದರಿಂದ ಆ ಗಿಡದ ಐರಿಷ್ ಹೆಸರೇ ಅವನಿಗೂ ಅಂಟಿ ಲಸ್‌ಮೋರ್ ಎಂದಾಗಿತ್ತು. ಒಂದು ಸಂಜೆ ಕಾಹೀರ್ ಪೇಟೆಯಿಂದ ಬರುತ್ತ ಬೆನ್ನಿನ ಭಾರಕ್ಕೆ ಸೋತು ದಿಬ್ಬದ ಪಕ್ಕ ಕೂತ. ಒಳಗಿನಿಂದ ಹಾಡು ಕೇಳಿಸಿತು. ಇಂಪಾದ ರಾಗ, ಆದರೆ ಮಾತು ಎರಡೇ: ಸೋಮವಾರ, ಮಂಗಳವಾರ. ಮತ್ತೆ ಅದೇ. ಲಸ್‌ಮೋರ್ ತುಂಬ ಹೊತ್ತು ಸುಮ್ಮನೆ ಕೇಳಿದ. ಹಾಡು ಎಲ್ಲಿ ಉಸಿರು ತೆಗೆದುಕೊಳ್ಳುತ್ತದೆ ಎಂದು ನೋಡಿಕೊಂಡು, ಆ ಬಿಡುವಿನಲ್ಲಿ, ಅದೇ ರಾಗದಲ್ಲಿ, ಬುಧವಾರವನ್ನು ಸೇರಿಸಿದ. ಒಳಗಿನವರಿಗೆ ಹಿಡಿಸಲಾರದಷ್ಟು ಸಂತೋಷ. ಸುಂಟರಗಾಳಿಯಲ್ಲಿ ಅವನನ್ನು ಒಳಗೆ ಎಳೆದುಕೊಂಡು, ಉಪಚಾರ ಮಾಡಿ, ಗೂನು ಕಿತ್ತು ಕೆಳಗಿಟ್ಟರು. ಬೆಳಿಗ್ಗೆ ಎದ್ದಾಗ ಅವನು ನೆಟ್ಟಗಿದ್ದ, ಮೈಮೇಲೆ ಹೊಸ ಬಟ್ಟೆಯೂ ಇತ್ತು.

ಸುದ್ದಿ ಹಬ್ಬಿತು. ಜ್ಯಾಕ್ ಮ್ಯಾಡನ್ ಎಂಬ ಇನ್ನೊಬ್ಬ ಗೂನನನ್ನು ಮನೆಯ ಹೆಂಗಸರು ಗಾಡಿಯಲ್ಲಿ ಕೂರಿಸಿಕೊಂಡು ದೂರದಿಂದ ಕರೆತಂದರು. ಸಿಡುಕ. ಹಾಡು ಈಗ ಬುಧವಾರದವರೆಗೆ ಬೆಳೆದಿತ್ತು. ಒಂದು ದಿನದ ಹೆಸರಿಗೆ ಒಂದು ಜೊತೆ ಬಟ್ಟೆಯಾದರೆ ಎರಡು ದಿನದ ಹೆಸರಿಗೆ ಎರಡು ಜೊತೆ ಎಂದು ಲೆಕ್ಕ ಹಾಕಿ, ರಾಗ ನೋಡದೆ ತಾಳ ನೋಡದೆ, ಹಾಡು ನಿಲ್ಲುವವರೆಗೂ ಕಾಯದೆ, ಇನ್ನೆರಡು ದಿನಗಳ ಹೆಸರನ್ನು ಅರಚಿದ. ಒಳಗಿನವರು ಸಿಟ್ಟಿಗೆದ್ದು ಲಸ್‌ಮೋರನ ಗೂನನ್ನು ತಂದು ಇವನ ಗೂನಿನ ಮೇಲೆ ಹೊರಿಸಿ ಕಳಿಸಿದರು.

ಈ ಬಗೆಯ ಕಥೆ ಬೇರೆ ದೇಶಗಳಲ್ಲೂ ಉಂಟು. ಆದರೂ ಐರಿಷ್ ರೂಪದಲ್ಲಿ ನಾನು ಮತ್ತೆ ಮತ್ತೆ ನೋಡುವುದು ಲಸ್‌ಮೋರ್ ಕಾದ ಆ ಹೊತ್ತನ್ನು. ಪುಣ್ಯವಂತ ಎಂದಾಗಲಿ ಬಡವ ಎಂದಾಗಲಿ ಅವನಿಗೆ ವರ ಸಿಗಲಿಲ್ಲ, ಇನ್ನೊಬ್ಬರ ಹಾಡಿನಲ್ಲಿ ಎಲ್ಲಿ ಬಾಯಿ ಹಾಕಬೇಕೆಂದು ತಿಳಿದಿದ್ದರಿಂದ ಸಿಕ್ಕಿತು. ಇದರಲ್ಲಿ ನೀತಿಗಿಂತ ನಯ ಹೆಚ್ಚು. ಇನ್ನೊಂದು ಮಾತೂ ಇದೆ. ಅಷ್ಟು ಶಕ್ತಿಯ ಜನಕ್ಕೆ ವಾರದ ಮೂರನೆಯ ದಿನ ಹೊಳೆಯಲಿಲ್ಲ! ಅದನ್ನು ತರಲು ಮನುಷ್ಯನೇ ಬೇಕಾಯಿತು.

ಅವರಿಗೆ ನಾವು ಬೇಕು ಎನ್ನುವುದು ಈ ಲೋಕದ ದೊಡ್ಡ ಗುಟ್ಟು. ಅವರ ಎರಡು ತಂಡಗಳ ನಡುವೆ ಹರ್ಲಿಂಗ್ ಪಂದ್ಯ ನಡೆಯಬೇಕಾದರೆ ಬದುಕಿರುವ ಒಬ್ಬ ಮನುಷ್ಯ ಆಡಬೇಕು, ಇಲ್ಲದಿದ್ದರೆ ಚೆಂಡಿಗೆ ಹೊಡೆತವೇ ಬೀಳುವುದಿಲ್ಲ. ಅವರ ಮಗುವಿಗೆ ಹಾಲೂಡಲು ನಮ್ಮ ಬಾಣಂತಿ ಬೇಕು. ಹೆರಿಗೆಗೆ ನಮ್ಮ ಸೂಲಗಿತ್ತಿ ಬೇಕು. ಅಪರಾತ್ರಿಯಲ್ಲಿ ಕುದುರೆಯವನೊಬ್ಬ ಬಂದು ಬಾಗಿಲು ಬಡಿದು ಸೂಲಗಿತ್ತಿಯನ್ನು ಹಿಂದೆ ಕೂರಿಸಿಕೊಂಡು ಹೋಗುತ್ತಾನೆ. ದೊಡ್ಡ ಮನೆ, ದೀಪ, ಜನ. ಹೆರಿಗೆಯಾಗುತ್ತದೆ. ಹಿಂದೆ ಊರಿನಿಂದ ಕಾಣೆಯಾದ ಹೆಂಗಸೊಬ್ಬಳು ಆ ಮನೆಯ ಮೂಲೆಯಿಂದ ಪಿಸುಗುಟ್ಟುತ್ತಾಳೆ, ಏನನ್ನೂ ತಿನ್ನಬೇಡ, ನಿನ್ನ ಕೂಲಿಗಿಂತ ಕಾಸು ಹೆಚ್ಚು ಮುಟ್ಟಬೇಡ. ಮಗುವಿನ ಕಣ್ಣಿಗೆ ಹಚ್ಚಲು ಕೊಟ್ಟ ಮುಲಾಮು ಆಕಸ್ಮಿಕವಾಗಿ ಸೂಲಗಿತ್ತಿಯ ಒಂದು ಕಣ್ಣಿಗೆ ತಗಲುತ್ತದೆ. ಆಮೇಲೊಂದು ದಿನ ಸಂತೆಯಲ್ಲಿ ಆ ಕುದುರೆಯವನು ಯಾರಿಗೂ ಕಾಣದೆ ಅಂಗಡಿಗಳಿಂದ ಸಾಮಾನು ಎತ್ತುತ್ತಿರುವುದು ಅವಳಿಗೆ ಕಾಣುತ್ತದೆ. ಮಗು ಹೇಗಿದೆಯಪ್ಪ ಎಂದು ವಿಚಾರಿಸುತ್ತಾಳೆ. ಯಾವ ಕಣ್ಣಿನಲ್ಲಿ ನನ್ನನ್ನು ನೋಡುತ್ತಿದ್ದೀ ಎಂದು ಕೇಳಿ ಆ ಕಣ್ಣನ್ನು ಕಿತ್ತುಬಿಡುತ್ತಾನೆ.

ಅವರಿಗೆ ಇನ್ನೊಂದು ಕೊರಗೂ ಇತ್ತು. ಸ್ವರ್ಗಕ್ಕೂ ಸಲ್ಲದೆ ನರಕಕ್ಕೂ ಸಲ್ಲದೆ ನಡುವೆ ಬಿದ್ದ ದೇವದೂತರು ಇವರೇ ಎಂದು ಕ್ಯಾಥೊಲಿಕ್ ಹಳ್ಳಿಗರು ಹೊಂದಿಸಿಕೊಂಡಿದ್ದರು. ಕಡೆಯ ತೀರ್ಪಿನ ದಿನ ನಮ್ಮ ಗತಿಯೇನು ಎಂದು ಅವರು ದಾರಿಯಲ್ಲಿ ಸಿಕ್ಕ ಪಾದ್ರಿಯನ್ನು ಕೇಳಿದರಂತೆ. ಹೆಸರು ಬರೆಯಲು ಸಾಕಾಗುವಷ್ಟು ರಕ್ತ ನಿಮ್ಮ ಮೈಯಲ್ಲಿದ್ದರೆ ಬಿಡುಗಡೆಯುಂಟು ಎಂದನಂತೆ ಪಾದ್ರಿ. ಅವರ ಮೈಯಲ್ಲಿ ಹನಿ ರಕ್ತವಿಲ್ಲ.

ಎರಡು ಕಡೆಗೂ ಸಲ್ಲುವ ಮಧ್ಯಸ್ಥರೂ ಇದ್ದರು. ಕ್ಲೇರ್ ಕೌಂಟಿಯ ಫೀಕಲ್ ಊರಿನ ಬಿಡ್ಡಿ ಅರ್ಲಿ ಅಂಥವಳು. ಅವರೇ ಕೊಟ್ಟದ್ದೆಂದು ಜನ ನಂಬಿದ್ದ ಒಂದು ನೀಲಿ ಸೀಸೆಯಲ್ಲಿ ನೋಡಿ ರೋಗ ಹೇಳುತ್ತಿದ್ದಳು, ಮದ್ದು ಕೊಡುತ್ತಿದ್ದಳು. ದುಡ್ಡು ಮುಟ್ಟುತ್ತಿರಲಿಲ್ಲ, ವಿಸ್ಕಿ ಬೇಡ ಎನ್ನುತ್ತಿರಲಿಲ್ಲ. ಪಾದ್ರಿಗಳಿಗೆ ಅವಳನ್ನು ಕಂಡರಾಗದು. 1865ರಲ್ಲಿ ವಾಮಾಚಾರದ ಹಳೆಯ ಕಾಯಿದೆಯಡಿ ಅವಳ ಮೇಲೆ ಮೊಕದ್ದಮೆ ಹೂಡಿದರೆ ಸಾಕ್ಷಿ ನುಡಿಯಲು ಗಟ್ಟಿಯಾಗಿ ಯಾರೂ ನಿಲ್ಲಲಿಲ್ಲ, ಕೇಸು ಬಿದ್ದುಹೋಯಿತು. 1874ರಲ್ಲಿ ತೀರಿಕೊಂಡಳು.

ಸಮುದ್ರದಾಚೆ ಸ್ಕಾಟ್ಲೆಂಡಿನಲ್ಲಿ ಇದೇ ನಂಬಿಕೆಗೆ ಒಬ್ಬ ಪಂಡಿತ ಸಿಕ್ಕ, ಅಬರ್‌ಫಾಯ್ಲ್ ಊರಿನ ಪಾದ್ರಿ ರಾಬರ್ಟ್ ಕರ್ಕ್. ಗೇಲಿಕ್ ಭಾಷೆಯಲ್ಲಿ ಕೀರ್ತನೆಗಳ ಪುಸ್ತಕ ಅಚ್ಚು ಹಾಕಿಸಿದವನು, ಲಂಡನ್ನಿನಲ್ಲಿ ಕೂತು ಬೈಬಲ್ಲಿನ ಮುದ್ರಣ ನೋಡಿಕೊಂಡವನು. 1691-92ರ ಹೊತ್ತಿಗೆ ಕಿನ್ನರರ ದೇಹ, ಊಟ, ಕಾನೂನು, ವಲಸೆಗಳ ಬಗ್ಗೆ ಒಂದು ಪ್ರಬಂಧ ಬರೆದ. ಅವರು ಮನುಷ್ಯರಿಗೂ ದೇವದೂತರಿಗೂ ನಡುವಿನವರು, ಮೈ ಹೆಪ್ಪುಗಟ್ಟಿದ ಗಾಳಿಯಂಥದು, ವರ್ಷದ ನಾಲ್ಕು ಕಾಲುಭಾಗಗಳಿಗೆ ಮನೆ ಬದಲಿಸುತ್ತಾರೆ ಎಂದು ಗಂಭೀರವಾಗಿ ದಾಖಲಿಸಿದ್ದಾನೆ. 1692ರ ಮೇ ತಿಂಗಳಲ್ಲಿ ಊರಿನ ಕಿನ್ನರ ಗುಡ್ಡದ ಬಳಿ ತಿರುಗಾಡುವಾಗ ಬಿದ್ದು ಸತ್ತ. ಸತ್ತಿಲ್ಲ, ಗುಟ್ಟು ಬಯಲು ಮಾಡಿದ್ದಕ್ಕೆ ಅವರು ಹಿಡಿದಿಟ್ಟುಕೊಂಡಿದ್ದಾರೆ ಎಂದಿತು ಊರು. ಪುಸ್ತಕ ಅಚ್ಚಾದದ್ದು 1815ರಲ್ಲಿ.

19ನೇ ಶತಮಾನದ ಕೊನೆಗೆ ಡಬ್ಲಿನ್ನಿನ ಕವಿಗಳು ಈ ಗಣಿಗೆ ಇಳಿದರು. ಯೇಟ್ಸ್ 1888ರಲ್ಲಿ ಈ ಕಥೆಗಳ ಸಂಕಲನ ತಂದ. ಲೇಡಿ ಗ್ರೆಗರಿ ಊರೂರು ತಿರುಗಿ ಕೇಳಿ ಬರೆದುಕೊಂಡದ್ದು 1920ರಲ್ಲಿ ಹೊರಬಂತು. ಆ ಬಳಗದ ಕವಿ ಜೇಮ್ಸ್ ಕಸಿನ್ಸ್ 1902ರಲ್ಲಿ ಡಬ್ಲಿನ್ನಿನಲ್ಲಿ ಆಡಿಸಿದ ನಾಟಕ 'ದಿ ಸ್ಲೀಪ್ ಆಫ್ ದ ಕಿಂಗ್'. ದಿಬ್ಬದ ಹೆಣ್ಣಿನ ಕರೆಗೆ ಓಗೊಟ್ಟು ರಾಜ್ಯ ಬಿಟ್ಟುಹೋದ ರಾಜಕುಮಾರ ಕಾನ್ಲನ ಕಥೆ ಅದು. ಕಸಿನ್ಸ್ ಹೆಸರು ಇಲ್ಲಿ ಹಲವರಿಗೆ ಗೊತ್ತಿರಬೇಕು. 1915ರಲ್ಲಿ ಭಾರತಕ್ಕೆ ಬಂದು ನೆಲೆಸಿದ ಅವರು 1924ರಲ್ಲಿ ಮೈಸೂರಿಗೆ ಬಂದಾಗ, ಇಂಗ್ಲಿಷಿನಲ್ಲಿ ಕವಿತೆ ಬರೆಯುತ್ತಿದ್ದ ತರುಣ ಪುಟ್ಟಪ್ಪನವರಿಗೆ ನಿಮ್ಮ ಭಾಷೆಯಲ್ಲಿ ಬರೆಯಿರಿ ಎಂದವರು. ಅಂದರೆ ಕುವೆಂಪು ಅವರನ್ನು ಕನ್ನಡದ ಕಡೆಗೆ ತಿರುಗಿಸಿದ ಮಾತಿನ ಹಿಂದೆ, ಆಳಿದವರ ಭಾಷೆಗೆ ಸೋತ ಒಂದು ನಾಡು ತನ್ನ ದಿಬ್ಬಗಳೊಳಗೆ ಏನುಳಿದಿದೆ ಎಂದು ಹುಡುಕಿಕೊಂಡು ಹೋದ ಅನುಭವವಿತ್ತು. ಇದು ನನ್ನ ಊಹೆಯೆಂದು ಬೇಕಾದರೆ ತಳ್ಳಿಹಾಕಿ.

ಆದರೆ ನನ್ನನ್ನು ಕೇಳಿದರೆ ಕವಿಗಳಿಗಿಂತ ಮಕ್ಕಳು ಮೇಲು. 1935ರಲ್ಲಿ ಸ್ವತಂತ್ರ ಐರ್ಲೆಂಡಿನ ಸರ್ಕಾರ ಜಾನಪದ ಆಯೋಗ ರಚಿಸಿತು. 1937-38ರಲ್ಲಿ ಆಯೋಗ ಸುಮಾರು 5,000 ಪ್ರಾಥಮಿಕ ಶಾಲೆಗಳ ಮಕ್ಕಳ ಕೈಗೆ ನೋಟುಬುಕ್ಕು ಕೊಟ್ಟು, ಮನೆಯ ಹಿರಿಯರನ್ನು ಕೇಳಿ ಬರೆಯಿರಿ ಎಂದಿತು. ಬಂದದ್ದು ಸುಮಾರು 7,40,000 ಪುಟ. ಇದು ಡಬ್ಲಿನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿದೆ, ಈಗ ಅಂತರ್ಜಾಲದಲ್ಲಿ ಯಾರು ಬೇಕಾದರೂ ಓದಬಹುದು. ಅಜ್ಜ ಹೇಳಿದ್ದನ್ನು ಬಣ್ಣ ಕಟ್ಟದೆ, ಕಾಪಿ ಅಕ್ಷರದಲ್ಲಿ, ಯಾವ ಹೊಲದ ಯಾವ ಮೂಲೆಯ ಕೋಟೆ ಎಂದು ಗುರುತು ಹೇಳಿ ಮಕ್ಕಳು ಬರೆದಿದ್ದಾರೆ. ಯೇಟ್ಸನ ಮಬ್ಬು ಬೆಳಕು ಅಲ್ಲಿಲ್ಲ. ಕಳೆದುಹೋದ ಹಸು, ಕಡೆಯಲೊಲ್ಲದ ಮೊಸರು, ಕಾಯಿಲೆ ಬಿದ್ದ ತಮ್ಮ ಇದ್ದಾರೆ.

ಆ ಕಾಯಿಲೆ ಬಿದ್ದ ತಮ್ಮನ ಹತ್ತಿರ ನಾವು ಸ್ವಲ್ಪ ನಿಲ್ಲಬೇಕು. ಯಾಕೆಂದರೆ ಕರಾರಿನ ಅತಿ ಕ್ರೂರವಾದ ಕಲಮು ಅಲ್ಲಿದೆ. ಅವರು ಮನುಷ್ಯರನ್ನು ಒಯ್ಯುತ್ತಾರೆ. ಚೆಲುವಾದ ಮಗುವನ್ನು, ಹರೆಯದ ಹೆಣ್ಣನ್ನು, ಬಾಣಂತಿಯನ್ನು. ಅವರ ಜಾಗದಲ್ಲಿ ತಮ್ಮವರೊಬ್ಬರನ್ನು ಅದೇ ರೂಪದಲ್ಲಿ ಇಟ್ಟು ಹೋಗುತ್ತಾರೆ. ಬೆಳೆಯದ ಕೂಸು, ಸದಾ ಅಳುವ ಕೂಸು, ಹೆರಿಗೆಯ ನಂತರ ಮಾತು ಬಿಟ್ಟ ತಾಯಿ, ಇದ್ದಕ್ಕಿದ್ದಂತೆ ಕೈಕಾಲು ಬಿದ್ದುಹೋದ ಗಂಡಸು, ಇವರೆಲ್ಲ ಬದಲಿಗೆ ಬಂದವರು. ಬದಲಿಯನ್ನು ಹಿಂಸಿಸಿದರೆ ಅವರು ಸಂಕಟ ತಾಳದೆ ಅದನ್ನು ವಾಪಸು ಪಡೆದು ನಮ್ಮವರನ್ನು ಬಿಟ್ಟುಕೊಡುತ್ತಾರೆ. ಬೆಂಕಿ, ಕಬ್ಬಿಣ, ಮೂತ್ರ, ಫಾಕ್ಸ್‌ಗ್ಲೋವ್ ರಸ. ಈ ಗಿಡದಲ್ಲಿ ಹೃದಯವನ್ನೇ ನಿಲ್ಲಿಸಬಲ್ಲ ವಿಷವಿದೆ. ಲಸ್‌ಮೋರನ ಟೋಪಿಯಲ್ಲಿದ್ದ ಹೂವೂ ಇದೇ.

ಇದು ಬರೀ ಕಥೆಯಾಗಿದ್ದರೆ ನಾನು ಇಷ್ಟು ಒತ್ತಿ ಹೇಳುತ್ತಿರಲಿಲ್ಲ. ಟಿಪ್ಪರರಿ ಕೌಂಟಿಯ ಬ್ಯಾಲಿವಾಡ್ಲಿಯಲ್ಲಿ ಬ್ರಿಜೆಟ್ ಕ್ಲಿಯರಿ ಎಂಬ 26 ವರ್ಷದ ಹೆಂಗಸಿದ್ದಳು. ಗಂಡ ಮೈಕೆಲ್ ಪೀಪಾಯಿ ಮಾಡುವವನು. ಮದುವೆಯಾಗಿ ವರ್ಷಗಳಾದರೂ ಮಕ್ಕಳಿರಲಿಲ್ಲ. ಬ್ರಿಜೆಟ್ ಸಿಂಗರ್ ಹೊಲಿಗೆ ಯಂತ್ರ ಇಟ್ಟುಕೊಂಡು ಬಟ್ಟೆ ಹೊಲಿಯುತ್ತಿದ್ದಳು, ಟೋಪಿ ಕಟ್ಟುತ್ತಿದ್ದಳು, ಕೋಳಿ ಸಾಕಿ ಮೊಟ್ಟೆ ಮಾರುತ್ತಿದ್ದಳು. ಊರಿನ ಕೂಲಿಕಾರರ ನಡುವೆ ಚೆನ್ನಾಗಿ ಉಡುತ್ತಿದ್ದವಳು, ಸ್ವಂತ ಸಂಪಾದನೆಯವಳು. 1895ರ ಮಾರ್ಚ್ 4ರಂದು ಕೈಲ್‌ನಗ್ರಾನ ಕೋಟೆಯ ಸಮೀಪವಿದ್ದ ಜ್ಯಾಕ್ ಡನ್ ಎಂಬ ಹಳೆಯ ಕಥೆಗಾರನ ಮನೆಗೆ ಮೊಟ್ಟೆ ಕೊಡಲು ನಡೆದುಹೋದಳು. ಚಳಿ ಹತ್ತಿತು, ಹಾಸಿಗೆ ಹಿಡಿದಳು. ಡಾಕ್ಟರನ್ನು ಕರೆಯಲು ಮೈಕೆಲ್ ಹಲವು ಸಲ ನಡೆದ. ಡಾಕ್ಟರು ಬಂದದ್ದು 13ರಂದು. ಅಷ್ಟರಲ್ಲಿ ಜ್ಯಾಕ್ ಡನ್ ಬಂದು ನೋಡಿ, ಇವಳು ಬ್ರಿಜೆಟ್ ಅಲ್ಲ, ಒಂದು ಕಾಲು ಉದ್ದವಿದೆ ಎಂದಿದ್ದ.

14ರ ರಾತ್ರಿ ಗಂಡಸರು ಅವಳನ್ನು ಮಂಚಕ್ಕೆ ಒತ್ತಿ ಹಿಡಿದು ಗಿಡಮೂಲಿಕೆಯ ಕಷಾಯ ಕುಡಿಸಿದರು. ನೀನು ಮೈಕೆಲ್ ಕ್ಲಿಯರಿಯ ಹೆಂಡತಿ ಬ್ರಿಜೆಟ್ಟೇ ಹೌದೇ ಎಂದು ದೇವರ ಹೆಸರಿನಲ್ಲಿ ಮತ್ತೆ ಮತ್ತೆ ಕೇಳಿದರು. ಎತ್ತಿಕೊಂಡು ಹೋಗಿ ಒಲೆಯ ಬೆಂಕಿಗೆ ಹಿಡಿದರು. ಹಿಡಿದವರಲ್ಲಿ ಅವಳ ಸೋದರ ಸಂಬಂಧಿಗಳಿದ್ದರು, ತಂದೆ ಅಲ್ಲೇ ಇದ್ದ. ಮರುದಿನ ರಾತ್ರಿ ಮೈಕೆಲ್ ಅವಳನ್ನು ನೆಲಕ್ಕೆ ಕೆಡವಿ ದೀಪದ ಎಣ್ಣೆ ಸುರಿದು ಸುಟ್ಟ. ಬಾಗಿಲಿಗೆ ಬೀಗ, ಬೀಗದ ಕೈ ಅವನ ಜೇಬಿನಲ್ಲಿ. ಆಮೇಲೆ ಕಪ್ಪು ಹಿಡಿಯ ಚಾಕು ಹಿಡಿದು ಕೈಲ್‌ನಗ್ರಾನ ಕೋಟೆಗೆ ಹೋಗಿ ರಾತ್ರಿಗಳನ್ನು ಕಾದ. ನಿಜವಾದ ಬ್ರಿಜೆಟ್ ಬಿಳಿ ಕುದುರೆಯ ಮೇಲೆ ಬರುತ್ತಾಳೆ, ಹಗ್ಗ ಕತ್ತರಿಸಿ ಅವಳನ್ನು ಬಿಡಿಸಿಕೊಳ್ಳಬೇಕು ಎಂದು. ಮಾರ್ಚ್ 22ರಂದು ಪೊಲೀಸರಿಗೆ ಹೆಣ ಸಿಕ್ಕಿತು. ಜುಲೈಯಲ್ಲಿ ಕ್ಲಾನ್ಮೆಲ್ ಕೋರ್ಟು ಮೈಕೆಲನಿಗೆ ಕೊಲೆಯ ಉದ್ದೇಶವಿಲ್ಲದ ನರಹತ್ಯೆಗೆ 20 ವರ್ಷ ಕಠಿಣ ಸಜೆ ಕೊಟ್ಟಿತು. 1910ರಲ್ಲಿ ಬಿಡುಗಡೆಯಾಗಿ ಕೆನಡಾ ಕಡೆಗೆ ಹೋದ.

ಪತ್ರಿಕೆಗಳು ಇದನ್ನು ಹಿಡಿದು ಜಗ್ಗಿದವು. ಹೋಮ್ ರೂಲ್ ಚರ್ಚೆಯ ಕಾಲ ಅದು. ಕಿನ್ನರರಿಗೆ ಹೆದರಿ ಹೆಂಡತಿಯನ್ನು ಸುಡುವ ಜನರಿಗೆ ಸ್ವರಾಜ್ಯವೇ ಎಂದು ವಿರೋಧಿಗಳು ಬರೆದರು. ಅವರಿಗೆ ಬ್ರಿಜೆಟ್ ಬೇಕಿರಲಿಲ್ಲ, ವಾದ ಬೇಕಿತ್ತು. 1999ರಲ್ಲಿ ಈ ಪ್ರಕರಣದ ಬಗ್ಗೆ ಪುಸ್ತಕ ಬರೆದ ಆಂಜೆಲಾ ಬರ್ಕ್, ಕಿನ್ನರ ಕಥೆಗಳು ನೇರವಾಗಿ ಆಡಲಾಗದ ಮಾತನ್ನು ಆಡುವ ಭಾಷೆ ಎಂದು ತೋರಿಸಿದ್ದಾರೆ. ನನಗದು ಒಪ್ಪಿಗೆ. ಬಂಜೆ, ಗರ್ವಿ, ತಾನೇ ದುಡಿಯುವವಳು ಎಂದು ಬಾಯಿಬಿಟ್ಟು ಹೇಳದ ಊರು, ಅವಳು ಕೋಟೆಯ ಕಡೆಗೆ ಹೋಗುತ್ತಾಳೆ ಎಂದಿತು. ನೆಲದ ವಿಷಯದಲ್ಲಿ ಇದೇ ಭಾಷೆ ಆಸೆಬುರುಕನ ನೇಗಿಲನ್ನು ತಡೆದದ್ದನ್ನು ಆಗಲೇ ಹೇಳಿದೆ. ಮನೆಯೊಳಗೆ ಅದು ತಡೆದದ್ದು ಬೇರೆಯವರನ್ನು. ಗಟ್ಟಿಮುಟ್ಟಾದ ಮನೆ ಯಜಮಾನನೇ ಬದಲಿಯೆಂದು ಊರೆಲ್ಲ ಸೇರಿ ಅವನನ್ನು ಬೆಂಕಿಗೆ ಹಿಡಿದ ಕಥೆ ನನ್ನ ಓದಿನಲ್ಲಿ ಸಿಕ್ಕಿಲ್ಲ.

ಬದಲಿಗಳೆಂದು ಕರೆಸಿಕೊಂಡವರ ಮಾತು ಸಂಗ್ರಹಗಳಲ್ಲಿ ಕಾಣುವುದು ಅಪರೂಪ. ಬ್ರಿಜೆಟ್ಟಳದೊಂದು ಉಳಿದಿದೆ, ಅದೂ ಅಲ್ಲಿದ್ದ ಸಂಬಂಧಿ ಜೊಹಾನಾ ಬರ್ಕ್ ಕೊಟ್ಟ ಹೇಳಿಕೆಯಲ್ಲಿ. 15ರ ಸಂಜೆ ಬ್ರಿಜೆಟ್ ಎದ್ದು ಬಟ್ಟೆ ತೊಟ್ಟು ಒಲೆಯ ಹತ್ತಿರ ಬಂದು ಕೂತಿದ್ದಳು. ಚಹಾ ನಡೆದಿತ್ತು. ಮಾತಿಗೆ ಮಾತು ಬೆಳೆದು ಅವಳು ಗಂಡನಿಗೆ, ಅವರೊಡನೆ ಹೋಗುತ್ತಿದ್ದವಳು ನಿನ್ನ ತಾಯಿ, ಅದಕ್ಕೇ ನಾನೂ ಹೋಗುತ್ತೇನೆಂದು ನಿನಗೆ ಅನ್ನಿಸುವುದು ಎಂದಳಂತೆ. ಅವಳೇ ನಿನಗೆ ಹೇಳಿದಳೇ ಎಂದು ಅವನು ಕೇಳಿದ. ಹೌದು, ಎರಡು ರಾತ್ರಿ ಅವರ ಜೊತೆ ಕಳೆದಿದ್ದಳಂತೆ ಎಂದಳು. ಅವಳು ಅಳಲಿಲ್ಲ, ನಾನು ನಿನ್ನ ಬ್ರಿಜೆಟ್ಟೇ ಎಂದು ಮತ್ತೊಮ್ಮೆ ಗೋಗರೆಯಲೂ ಇಲ್ಲ. ಕರಾರಿನ ಒಂದೊಂದು ಕಲಮೂ ಅವಳಿಗೆ ಗೊತ್ತಿತ್ತು, ಅದನ್ನೇ ತಿರುಗಿಸಿ ಅವನ ಮನೆತನದ ಮೇಲಿಟ್ಟಳು. ಅವನು ಮೂರು ತುಂಡು ಬ್ರೆಡ್ಡಿಗೆ ಜ್ಯಾಮ್ ಹಚ್ಚಿ ತಂದು, ಹೆಸರು ಹೇಳಿ ತಿನ್ನು ಎಂದದ್ದು ಅದಾದ ಮೇಲೆ. ಎರಡು ತಿಂದಳು.